ಸಹಾಯ ಬೇಕು: ಲ್ಯಾಟಿನ್ ಬೈಗುಳ ಪದ್ಯ ಓದೋಕೆ ಪದಗಳು

ಎಲ್ರಿಗೂ ನಮಸ್ಕಾರ. ಎರಡು ವರ್ಷದಿಂದ ಮನೇಲೇ ಲ್ಯಾಟಿನ್ ಕಲೀತಿದೀನಿ, ಸೀಸರ್‌ನ ಗದ್ಯ ನಿಧಾನಕ್ಕೆ ಓದ್ಕೊಂಡು ಹೋಗ್ತೀನಿ, ಆದ್ರೆ ರೋಮನ್ ಕವಿ ಕಟಲಸ್‌ನ ಬೈಗುಳದ ಪದ್ಯಗಳಿಗೆ ಬಂದ್ರೆ ಸಾಲು ಸಾಲಿಗೂ ಸಿಕ್ಕಾಕ್ಕೊಳ್ತಿದೀನಿ.

ಈಗ 42ನೇ ಪದ್ಯ ಓದ್ತಿದೀನಿ. ಒಬ್ಬಳು ಅವನ ಬರೆಯೋ ಹಲಗೆಗಳನ್ನ ಇಟ್ಕೊಂಡು ವಾಪಸ್ ಕೊಡ್ತಿಲ್ಲ, ಅದಕ್ಕೆ ಅವನು ತನ್ನ ಪದ್ಯದ ಸಾಲುಗಳನ್ನೇ ಕರೆದು ಅವಳನ್ನ ಸುತ್ತುಗಟ್ಟಿ ಕೂಗಿ ಅಂತಾನೆ, 'ಮೊಯ್ಖ ಪೂತಿದ, ರೆದ್ದೆ ಕೋದಿಕಿಲ್ಲೋಸ್'. ಅಂದ್ರೆ ನಾರೋ ಹಾದರಗಿತ್ತಿ, ಹಲಗೆ ವಾಪಸ್ ಕೊಡು ಅಂತ. ಮುಂದಿನ ಸಾಲಲ್ಲಿ ಅದೇ ಪದಗಳು ಹಿಂದುಮುಂದಾಗಿ ಬರ್ತವೆ, ಬೀದಿಲಿ ನಿಂತು ಸಾಲ ವಸೂಲಿ ಮಾಡೋರ ಕೂಗು ಕೇಳಿದ ಹಾಗೇ ಇದೆ. ಪೂತಿದ, ಅಂದ್ರೆ ನಾರೋ ಅನ್ನೋ ಪದ ನೋಡಿದ ತಕ್ಷಣ ನಮ್ಮ ಪೂತಿಗಂಧ ನೆನಪಾಯ್ತು, ಸಂಸ್ಕೃತದ ಪೂತಿಗೂ ಇದಕ್ಕೂ ಮೂಲ ಒಂದೇ, ಎಷ್ಟು ಖುಷಿ ಆಯ್ತು ಗೊತ್ತಾ!

ತೊಂದರೆ ಇರೋದು ಪದದ ತೂಕದಲ್ಲಿ. ಲುತುಮ್ ಅಂದ್ರೆ ಕೆಸರು, ಲುಪಾನರ್ ಅಂದ್ರೆ ಸೂಳೆಮನೆ, ಅರ್ಥವೇನೋ ಸಿಗುತ್ತೆ, ಆದ್ರೆ ಯಾವುದು ಗೆಳೆಯರ ಮಧ್ಯೆ ನಡೆಯೋ ಮಾತು, ಯಾವುದು ಹೊಡೆದಾಟಕ್ಕೇ ಇಳಿಸೋ ಮಾತು ಅಂತ ತಿಳೀತಿಲ್ಲ. ನನ್ನ ಹಳೇ ಡಿಕ್ಷನರಿ ಇಂಥ ಪದಗಳಿಗೆ ನಾಚ್ಕೊಂಡು ಬರೀ ಅಶ್ಲೀಲ ಅಂತ ಹಾಕಿ ಬಿಟ್ಬಿಡುತ್ತೆ.

ಕಟಲಸ್, ಮಾರ್ಶಿಯಲ್ ಥರದ ರೋಮನ್ ಕವಿಗಳನ್ನ ಓದಿರೋರು ಯಾರಾದ್ರೂ ಇದ್ರೆ, ಬೈಗುಳಗಳನ್ನ ತೂಕದ ಪ್ರಕಾರ ಜೋಡಿಸಿರೋ ಪಟ್ಟಿ ಇದ್ರೆ ದಯವಿಟ್ಟು ಕಳಿಸಿ. ನಿಮ್ಮ ಕೈಬರಹದ ನೋಟ್ಸ್ ಫೋಟೋ ಆದ್ರೂ ಸಾಕು. ಈ ಪದ್ಯ ಕನ್ನಡಕ್ಕೆ ತರ್ಬೇಕು ಅಂತ ತುಂಬಾ ಆಸೆ ಇದೆ, ತಪ್ಪು ಬೈಗುಳ ಹಾಕಿ ಕೆಡಿಸೋಕೆ ಮನಸಿಲ್ಲ.