ಪದಚರ್ಚೆ: 'ಒಣ ಹಾಸ್ಯ' ಸರಿಯೇ? 'ಆಕ್ಸೆಂಟ್'ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪತ್ರಿಕೆಗಾಗಿ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇಂಗ್ಲಿಷ್ ಮಾತಾಡುವ ಬೇರೆ ಬೇರೆ ದೇಶಗಳಲ್ಲಿ ಜನ ಹೇಗೆ ಮಾತಾಡುತ್ತಾರೆ, ಹೇಗೆ ನಗಿಸುತ್ತಾರೆ ಅನ್ನೋದು ವಿಷಯ. ಮೂರು ಪದಗಳ ಹತ್ತಿರ ಗಾಡಿ ನಿಂತುಬಿಟ್ಟಿದೆ.

ಮೊದಲನೆಯದು 'ಡ್ರೈ ಹ್ಯೂಮರ್'. ಕರಡಿನಲ್ಲಿ 'ಒಣ ಹಾಸ್ಯ' ಅಂತ ಬರೆದೆ. ಈಚೆಗೆ ಅಲ್ಲಲ್ಲಿ ಈ ಪದ ಕಣ್ಣಿಗೆ ಬೀಳುತ್ತದೆ ಕೂಡ. ಮಾರನೇ ದಿನ ಓದಿದಾಗ ತಪ್ಪು ಅನಿಸಿತು. ನಮ್ಮಲ್ಲಿ 'ಒಣ' ಅಂದರೆ ನೀರಿಲ್ಲದ್ದು ಮಾತ್ರ ಅಲ್ಲ, ಹುರುಳಿಲ್ಲದ್ದೂ ಹೌದು. ಒಣ ಜಂಬ, ಒಣ ಹರಟೆ, ಒಣ ಉಪಚಾರ, ಒಣ ಪ್ರತಿಷ್ಠೆ. ಆ ಸಾಲಿನಲ್ಲಿ ಒಣ ಹಾಸ್ಯವನ್ನೂ ಕೂರಿಸಿದರೆ ಓದುಗರಿಗೆ ಸಿಗೋದು ನಗು ಬಾರದ ಹಾಸ್ಯ. ಅರ್ಥವೇ ತಿರುಗಿಬಿತ್ತು. ಇಂಗ್ಲಿಷಿನಲ್ಲಿ ಅದು ಹೊಗಳಿಕೆ. ಹೇಳುವವರ ಮುಖವೂ ಬದಲಾಗೋದಿಲ್ಲ, ದನಿಯೂ ಬದಲಾಗೋದಿಲ್ಲ. ಅದು ತಮಾಷೆ ಅಂತ ಕೇಳುವವರೇ ಕಂಡುಕೊಳ್ಳಬೇಕು.

ಇದಕ್ಕೆ ಅಂಟಿಕೊಂಡ ಇನ್ನೊಂದು ಪದ 'ಡೆಡ್‌ಪ್ಯಾನ್'. ಇದು ಅಮೆರಿಕದ್ದು. ಅಲ್ಲಿನ ಆಡುಮಾತಿನಲ್ಲಿ 'ಪ್ಯಾನ್' ಅಂದರೆ ಮುಖ. ಜೀವವಿಲ್ಲದ ಮುಖ ಅಂತಾಯ್ತು. ಮೂಕಿ ಚಿತ್ರಗಳ ಕಾಲದ ಬಸ್ಟರ್ ಕೀಟನ್ ಅವರಿಗೆ 'ಕಲ್ಲುಮುಖ' ಅಂತ ಹೆಸರು ಬಂದದ್ದು ಇದಕ್ಕೇ. ಆದರೆ ಕನ್ನಡದಲ್ಲಿ ಕಲ್ಲು ಅಂದ ಕೂಡಲೇ ಕರುಣೆ ಇಲ್ಲದವರು ನೆನಪಾಗುತ್ತಾರೆ. ಅದೂ ಬೇಡ ಅನಿಸಿತು.

ಈ ಬಗೆಯ ಮಾತು ನನಗೆ ಚೆನ್ನಾಗಿ ತಿಳಿದದ್ದು ನ್ಯೂಜಿಲೆಂಡಿನಲ್ಲಿ. ಮಗಳ ಮನೆ ಕ್ರೈಸ್ಟ್‌ಚರ್ಚಿನಲ್ಲಿ. ಅವಳ ಜತೆ ಆರು ತಿಂಗಳಿದ್ದೆ. ಪಕ್ಕದ ಮನೆಯಲ್ಲಿ ಒಬ್ಬ ಹಿರಿಯರು. ಒಂದು ದಿನ ಕಾಯಿಹೋಳಿಗೆ ಮಾಡಿದಾಗ ಬೇಲಿಯ ಮೇಲಿಂದಲೇ ತಟ್ಟೆ ಕೊಟ್ಟೆ. ಅವರು ಅಲ್ಲೇ ನಿಂತು ಒಂದು ತಿಂದರು. ಇನ್ನೊಂದನ್ನೂ ತಿಂದರು. ಬೆರಳಿನ ತುಪ್ಪ ಒರೆಸಿಕೊಂಡು 'ನಾಟ್ ಬ್ಯಾಡ್' ಅಂದರು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ನನಗೆ ಬೇಜಾರಾಯಿತು. ಸಂಜೆ ಮಗಳಿಗೆ ಹೇಳಿದರೆ ಅವಳು, "ಅಮ್ಮ, ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ" ಅಂದಳು.

ಆಮೇಲೆ ಹೊಳೆಯಿತು, ನಮ್ಮ ಅಪ್ಪಯ್ಯ ಮಾಡುತ್ತಿದ್ದದ್ದೂ ಇದೇ ಅಲ್ವಾ! ನಮ್ಮದು ಸಾಗರದ ಕಡೆ. ಊಟ ಎಷ್ಟೇ ಚೆನ್ನಾಗಿರಲಿ, ಅಪ್ಪಯ್ಯ ಹೇಳುತ್ತಿದ್ದದ್ದು 'ಅಡ್ಡಿಲ್ಲೆ' ಅಂತ ಒಂದೇ ಮಾತು. ಆಯಿಗೆ ಅಷ್ಟು ಸಾಕಿತ್ತು. ಆ ಹಿರಿಯರ 'ನಾಟ್ ಬ್ಯಾಡ್' ಅನ್ನು ನಾನು 'ಕೆಟ್ಟದಾಗಿಲ್ಲ' ಅಂತ ಮಾಡೋದಿಲ್ಲ, 'ಅಡ್ಡಿಯಿಲ್ಲ' ಅಂತಲೇ ಇಡುತ್ತೇನೆ. ಬೆಂಗಳೂರು, ಮೈಸೂರಿನವರಿಗೆ 'ಪರವಾಗಿಲ್ಲ' ಹತ್ತಿರ ಆಗಬಹುದು. ಆದರೆ ಪರವಾಗಿಲ್ಲ ಅನ್ನೋದರಲ್ಲಿ ಸ್ವಲ್ಪ ಸಮಾಧಾನ ಹೇಳುವ ದನಿ ಇದೆ. ಅಡ್ಡಿಯಿಲ್ಲ ಅನ್ನೋದರಲ್ಲಿ ಅದಿಲ್ಲ.

ಒಂದೇ ಪದ ದೇಶ ದಾಟಿದರೆ ತೂಕ ಬದಲಾಗುತ್ತದೆ. ಅಮೆರಿಕದವರು 'ಕ್ವೈಟ್ ಗುಡ್' ಅಂದರೆ ಸಾಮಾನ್ಯವಾಗಿ ಬಹಳ ಚೆನ್ನಾಗಿದೆ ಅಂತ. ಇಂಗ್ಲೆಂಡಿನವರು ಅದನ್ನೇ ಅಂದರೆ ಎಷ್ಟೋ ಸಲ 'ಏನೋ ಒಂದು ಮಟ್ಟಿಗಿದೆ' ಅಂತ. ಇದು ಬರೀ ಊಟ, ಉಪಚಾರದ ವಿಷಯ ಅಲ್ಲ. 1951ರ ಏಪ್ರಿಲ್‌ನಲ್ಲಿ, ಕೊರಿಯಾ ಯುದ್ಧದ ಹೊತ್ತು, ಇಮ್ಜಿನ್ ನದಿಯ ಹತ್ತಿರ ಬ್ರಿಟನ್ನಿನ ಗ್ಲೌಸ್ಟರ್‌ಶೈರ್ ರೆಜಿಮೆಂಟಿನ ಬೆಟಾಲಿಯನ್ ಒಂದನ್ನು ಚೀನಾ ಸೇನೆ ಸುತ್ತುವರಿದಿತ್ತು. ಬ್ರಿಟಿಷ್ ಬ್ರಿಗೇಡಿಯರ್ ಟಾಮ್ ಬ್ರೋಡಿ ಅಮೆರಿಕದ ಮೇಲಧಿಕಾರಿಗೆ 'ಎ ಬಿಟ್ ಸ್ಟಿಕಿ' ಅಂದರಂತೆ. ಬ್ರಿಟಿಷರ ಕಿವಿಗೆ ಅದು 'ಇನ್ನು ಉಳಿಯೋದು ಕಷ್ಟ' ಅಂತ. ಅಮೆರಿಕದವರಿಗೆ ಕೇಳಿಸಿದ್ದು 'ಸ್ವಲ್ಪ ಇಕ್ಕಟ್ಟಿದೆ, ನಿಭಾಯಿಸ್ತೇವೆ' ಅಂತ. ಕೊನೆಗೆ 500ಕ್ಕೂ ಹೆಚ್ಚು ಜನ ಸೆರೆಯಾದರು. ಸೋಲಿಗೆ ಒಂದು ಮಾತೇ ಕಾರಣ ಅನ್ನಲಾರೆ. ಆದರೂ ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಆ ಮಾತಿಗೆ ನಾನು ಕೊಟ್ಟಿರುವ ಕನ್ನಡ 'ಸ್ವಲ್ಪ ಕಷ್ಟ ಆಗ್ತಾ ಇದೆ'. ನಮ್ಮೂರಿನ ಹಿರಿಯರು ಅಷ್ಟು ಅಂದರೆ ಎದ್ದು ಓಡಬೇಕು ಅಂತ ನಮಗೆ ಗೊತ್ತಿರುತ್ತದೆ. ಪರಊರಿನವರಿಗೆ ಗೊತ್ತಾಗೋದಿಲ್ಲ.

ಎರಡನೆಯ ಪದ ಬರೋದು ಇಲ್ಲೇ. 'ಆಕ್ಸೆಂಟ್', ಅಂದರೆ ಊರಿಂದ ಊರಿಗೆ ಬದಲಾಗುವ ಮಾತಿನ ದನಿ. ಒಬ್ಬರ ಮಾತಿನ ದಿನನಿತ್ಯದ ದನಿ ನಮಗೆ ಗೊತ್ತಿದ್ದರೆ ಮಾತ್ರ ಅವರು ತಮಾಷೆ ಮಾಡುತ್ತಿದ್ದಾರೋ ಇಲ್ಲವೋ ಅಂತ ತಿಳಿಯೋದು. ಶಬ್ದವೇ ಹಿಡಿಯದಿದ್ದರೆ ನಗು ಎಲ್ಲಿಂದ ಬರಬೇಕು? ಕ್ರೈಸ್ಟ್‌ಚರ್ಚಿನ ಹಣ್ಣಿನ ಅಂಗಡಿಯಲ್ಲಿ ಹುಡುಗಿ 'ಟಿನ್' ಅಂದಾಗ ನಾನು ಡಬ್ಬ ಎಲ್ಲಿ ಅಂತ ನೋಡಿದೆ. ಅವಳು ಕೇಳಿದ್ದು 10 ಡಾಲರ್. ಅಲ್ಲಿ 'ಟೆನ್' ನಮ್ಮ ಕಿವಿಗೆ 'ಟಿನ್', 'ಯೆಸ್' ನಮ್ಮ ಕಿವಿಗೆ 'ಯಿಸ್'. 'ಫಿಶ್ ಅಂಡ್ ಚಿಪ್ಸ್' ಅನ್ನು ನ್ಯೂಜಿಲೆಂಡಿನವರು 'ಫಶ್ ಅಂಡ್ ಚಪ್ಸ್' ಅಂತಾರೆ ಅಂತ ಆಸ್ಟ್ರೇಲಿಯಾದವರು ನಗುತ್ತಾರೆ. ನೀವು ಅನ್ನೋದು 'ಫೀಶ್ ಅಂಡ್ ಚೀಪ್ಸ್' ಅಂತ ಇವರು ತಿರುಗಿಸಿ ಕೊಡುತ್ತಾರೆ. 'ಕಾರ್' ಅನ್ನುವಾಗ ಕೊನೆಯ ರಕಾರವನ್ನು ಅಮೆರಿಕ, ಐರ್ಲೆಂಡ್, ಸ್ಕಾಟ್ಲೆಂಡಿನ ಹೆಚ್ಚಿನವರು ಉಳಿಸಿಕೊಳ್ಳುತ್ತಾರೆ. ಇಂಗ್ಲೆಂಡಿನ ಬಹುಪಾಲು ಜನ, ಆಸ್ಟ್ರೇಲಿಯಾದವರು ಬಿಡುತ್ತಾರೆ.

ಒಂದು ಹಳೇ ಜೋಕು ಇದೆ. ಆಸ್ಪತ್ರೆಯಲ್ಲಿ ಮಲಗಿದ್ದ ಗಾಯಾಳು ಸೈನಿಕನನ್ನು ಆಸ್ಟ್ರೇಲಿಯಾದವನೊಬ್ಬ 'ಇಲ್ಲಿಗೆ ಇವತ್ತು ಬಂದೆಯಾ' ಅಂತ ಕೇಳುತ್ತಾನೆ. ಅವನ 'ಟುಡೇ' ಇವನಿಗೆ 'ಟು ಡೈ' ಅಂತ ಕೇಳಿಸುತ್ತದೆ, ಸಾಯೋಕೆ ಬಂದೆಯಾ ಅಂತ. ಕನ್ನಡದಲ್ಲಿ ಇದನ್ನು ವಿವರಿಸಬಹುದೇ ಹೊರತು ಹೇಳೋಕೆ ಆಗೋದಿಲ್ಲ. ವಿವರಿಸಿದ ಮೇಲೆ ಅದು ಜೋಕಾಗಿ ಉಳಿಯೋದಿಲ್ಲ. ಹಾಗಾಗಿ ಅದನ್ನು ಕೈಬಿಟ್ಟೆ.

ಆಕ್ಸೆಂಟ್‌ಗೆ 'ಉಚ್ಚಾರಣೆ' ಅಂದರೆ ತಪ್ಪು-ಸರಿಯ ಮಾತು ಬಂದುಬಿಡುತ್ತದೆ. 'ಉಚ್ಚಾರಣೆ ತಿದ್ದಿಕೋ' ಅಂತ ಮೇಷ್ಟ್ರು ಹೇಳುತ್ತಿದ್ದರಲ್ಲ, ಅದು. 'ಧಾಟಿ' ಅಂದರೆ ಬೆದರಿಸುವ ಧಾಟಿ, ಬೇಡುವ ಧಾಟಿ. ಅದು ಮನಸ್ಸಿನದು, ಊರಿನದಲ್ಲ. 'ರಾಗ' ಅಂದರೆ 'ರಾಗ ಎಳೀಬೇಡ' ಅನ್ನುವ ಬೈಗುಳ ಹತ್ತಿರದಲ್ಲೇ ಇದೆ. ನನ್ನ ಮನಸ್ಸು ಒಲಿದಿರುವುದು 'ಸೊಗಡು' ಕಡೆಗೆ. ಧಾರವಾಡದ ಸೊಗಡು, ಕರಾವಳಿಯ ಸೊಗಡು ಅಂತ ನಾವು ಆಡುತ್ತಲೇ ಇದ್ದೇವೆ. ಸೊಗಡಿನ ಅವರೆಕಾಯಿ ಅಂದ ಹಾಗೆ, ಹುಟ್ಟಿದ ನೆಲದಿಂದ ತಾನಾಗಿ ಬಂದದ್ದು, ಮೇಲಿಂದ ಹಚ್ಚಿದ್ದಲ್ಲ. 2000ದ ಆಸುಪಾಸು ಬೆಂಗಳೂರಿನ ಕಾಲ್ ಸೆಂಟರ್‌ಗಳಲ್ಲಿ 'ಆಕ್ಸೆಂಟ್ ನ್ಯೂಟ್ರಲೈಸೇಶನ್' ಅಂತ ತರಬೇತಿ ಶುರುವಾಯಿತು. ಅದನ್ನು 'ಸೊಗಡು ತೆಗೆಯುವುದು' ಅಂತ ಬರೆದು ನೋಡಿ. ಅಲ್ಲಿ ಆ ಮಕ್ಕಳಿಗೆ ಏನು ಮಾಡುತ್ತಿದ್ದರು ಅನ್ನೋದು ಸರಿಯಾಗಿ ಕಾಣುತ್ತದೆ. ಒಂದೇ ತೊಡಕು, ಸೊಗಡಿನಲ್ಲಿ ಪದಗಳೂ ಸೇರಿಬಿಡುತ್ತವೆ. ಬರೀ ದನಿಗೆ 'ದನಿಸೊಗಡು' ಅನ್ನಬಹುದೇ?

ಇಲ್ಲೇ ಇನ್ನೊಂದು ಮಾತು. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಕಾಕ್ನಿ, ಅಂದರೆ ಲಂಡನ್ನಿನ ದುಡಿಯುವ ಜನರ ಮಾತಿನಲ್ಲಿ ಪದದ ಮೊದಲ ಹಕಾರ ಬಿದ್ದುಹೋಗುತ್ತದೆ. 'ಹೌಸ್' ಹೋಗಿ 'ಔಸ್'. ನಮ್ಮ ಹಳೇ ಮೈಸೂರಿನ ಹಳ್ಳಿಗಳಲ್ಲೂ 'ಹಾಲು' ಹೋಗಿ 'ಆಲು'. ಹೋಲಿಕೆ ಚೆನ್ನಾಗಿದೆ ಅಂತ ಅನುವಾದಕರು ಕಾಕ್ನಿಯವರ ಬಾಯಿಗೆ ಮಂಡ್ಯದ ಕನ್ನಡ ಹಾಕಿಬಿಡುತ್ತಾರೆ. ಆ ಪಾತ್ರ ಯಾವಾಗಲೂ ಆಳು, ಗಾಡಿಯವನು, ಇಲ್ಲವೇ ಕಳ್ಳ. ಯಜಮಾನನ ಬಾಯಲ್ಲಿ ಮಾತ್ರ ಪುಸ್ತಕದ ಕನ್ನಡ. ಇದು ಮಂಡ್ಯದವರಿಗೆ ಮಾಡುವ ಅನ್ಯಾಯ. 1941ರಲ್ಲಿ ಯಾರ್ಕ್‌ಶೈರಿನ ವಿಲ್ಫ್ರೆಡ್ ಪಿಕಲ್ಸ್ ತಮ್ಮ ಸೊಗಡಿನಲ್ಲೇ ಬಿಬಿಸಿ ವಾರ್ತೆ ಓದಿ, ಕೊನೆಗೆ 'ಗುಡ್ ನೈಟ್' ಬದಲು 'ಗುಡ್ ನೀಟ್' ಅಂದಾಗ ಕೇಳುಗರಿಂದ ದೂರುಗಳು ಹೋದವು. ಅದೇ ದೂರನ್ನು ನಾವು ಅನುವಾದದಲ್ಲಿ ಮತ್ತೆ ಮತ್ತೆ ಬರೆಯುತ್ತಿದ್ದೇವೆ. ನಾನಂತೂ ಕಾಕ್ನಿಯನ್ನು ಚುರುಕಾದ, ಚಿಕ್ಕ ವಾಕ್ಯಗಳ ಸಾದಾ ಕನ್ನಡದಲ್ಲಿ ಕೊಟ್ಟಿದ್ದೇನೆ. ಬೇರೆ ದಾರಿ ಕಂಡವರು ತಿಳಿಸಿ.

ಮೂರನೆಯದು ಸಣ್ಣದು. ಐರ್ಲೆಂಡಿನಲ್ಲಿ 'ಸ್ಲ್ಯಾಗಿಂಗ್', ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾದಲ್ಲಿ 'ಟೇಕಿಂಗ್ ದಿ ಮಿಕಿ'. ಸ್ನೇಹಿತರು ಪ್ರೀತಿಯಿಂದಲೇ ಒಬ್ಬರನ್ನೊಬ್ಬರು ಚುಚ್ಚುವುದು. ಮಗಳ ಜತೆ ಕೆಲಸ ಮಾಡುವ ಐರಿಶ್ ಹುಡುಗಿ ಅವಳಿಗೆ ಮೊದಲೇ ಹೇಳಿದ್ದಳಂತೆ, ನಿನ್ನನ್ನು ಯಾರೂ ಏನೂ ಅನ್ನದೆ ಬಹಳ ಮರ್ಯಾದೆ ಕೊಡ್ತಾ ಇದ್ದರೆ ಆಗ ಯೋಚನೆ ಮಾಡು ಅಂತ. ಗೇಲಿ, ಲೇವಡಿ ಎರಡೂ ನೋಯಿಸುತ್ತವೆ. 'ಕಾಲೆಳೆ' ಅಂದರೆ ಮೇಲೆ ಬರುವವರನ್ನು ಕೆಳಗೆ ಎಳೆಯುವುದು ಅಂತಲೂ ಆಗುತ್ತದೆ. ಮೈಸೂರಿನವರ 'ರೇಗಿಸು' ಚೆನ್ನಾಗಿದೆ, ಆದರೆ ಉಳಿದವರಿಗೆ ಅದು ಸಿಟ್ಟು ಬರಿಸೋದು. ಸದ್ಯಕ್ಕೆ 'ಕಿಚಾಯಿಸು' ಇಟ್ಟಿದ್ದೇನೆ. ಧಾರವಾಡದ ಕಡೆಯವರ 'ಚ್ಯಾಷ್ಟಿ' ಇದಕ್ಕೆ ಒಗ್ಗುತ್ತದೆಯೇ?

ಮತ್ತೆ ಮೊದಲ ಪದಕ್ಕೆ. ನಮ್ಮ ಮನೆಯಲ್ಲಿ ಅಜ್ಜಿ ಒಬ್ಬ ಮಾವನ ಬಗ್ಗೆ ಹೇಳುತ್ತಿದ್ದರು, ಅವ ಮುಗುಮ್ಮಾಗಿ ಒಂದು ಮಾತು ಹೇಳಿ ಎದ್ದು ಹೋಗ್ತಾನೆ, ಆಮೇಲೆ ಪಂಕ್ತಿಯೆಲ್ಲ ನಗ್ತದೆ ಅಂತ. ಮುಗುಮ್ಮಾಗಿ, ಅಂದರೆ ಒಳಗಿನದನ್ನು ಹೊರಗೆ ಬಿಟ್ಟುಕೊಡದೆ. 'ಡ್ರೈ ಹ್ಯೂಮರ್', 'ಡೆಡ್‌ಪ್ಯಾನ್' ಎರಡಕ್ಕೂ 'ಮುಗುಮ್ ಹಾಸ್ಯ' ಅನ್ನೋದು ನನ್ನ ಸೂಚನೆ. ಈ ಪದ ಬೀದರ್, ಕಲಬುರಗಿ ಕಡೆ ಬಳಕೆಯಲ್ಲಿದೆಯೇ? ಕುಂದಾಪುರದವರು ಇಂಥ ಮನುಷ್ಯನನ್ನು ಏನಂತ ಕರೆಯುತ್ತೀರಿ? ಲೇಖನ ಕೊಡೋಕೆ ಇನ್ನೂ ಎರಡು ವಾರ ಇದೆ. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಒಮ್ಮೆ ಕೇಳಿ, ಅವರು ಹೇಳಿದ ವಾಕ್ಯವನ್ನು ಹಾಗೆಯೇ ಬರೆದು ಕಳಿಸಿ.