ಮೆಜೆಗೆ ಕನ್ನಡದಲ್ಲಿ ಏನನ್ನೋಣ? ನಂಚಿಕೆಯೋ, ಚಕ್ಕಣವೋ?

ಬಳಗಕ್ಕೆ ನಮಸ್ಕಾರ. ಪ್ರವಾಸದ ಬರಹವೊಂದನ್ನು ತಿದ್ದುತ್ತಾ ಕೂತವನು ಒಂದು ಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ: ‘ಮೆಜೆ’, ಗ್ರೀಸಿನಲ್ಲಿ ಸಣ್ಣ ಸಣ್ಣ ತಟ್ಟೆಗಳಲ್ಲಿ ಬರುವ ತಿನಿಸು. ಮೂರು ದಿನವಾಯಿತು, ವಾಕ್ಯ ಮುಂದಕ್ಕೆ ಹೋಗುತ್ತಿಲ್ಲ. ಪದ ಹುಟ್ಟಿದ ಜಾಗ ಕಣ್ಣಿಗೆ ಕಟ್ಟದಿದ್ದರೆ ಪ್ರಶ್ನೆ ಅರ್ಧಂಬರ್ಧ ಆಗುತ್ತದೆ, ಹಾಗಾಗಿ ಮೊದಲು ಊಟದ ಕತೆ.

ಜಾಗ ಗ್ರೀಸಿನ ಎಯಿನಾ ದ್ವೀಪ. ನಮ್ಮ ಭೂಪಟಗಳಲ್ಲಿ ಈಜಿನಾ ಅಂತಿರುತ್ತದೆ, ಅಲ್ಲಿಯವರ ಬಾಯಲ್ಲಿ ಎಯಿನಾ. ಅಥೆನ್ಸಿನ ಬಂದರು ಪಿರೇಯಸ್‌ನಿಂದ ವೇಗದ ದೋಣಿಯಲ್ಲಿ ಸುಮಾರು 40 ನಿಮಿಷ, ಕಾರು ಲಾರಿಗಳನ್ನೂ ಹೊತ್ತೊಯ್ಯುವ ದೊಡ್ಡ ಹಡಗಿನಲ್ಲಾದರೆ ಒಂದೂಕಾಲು ಗಂಟೆ. ದ್ವೀಪಕ್ಕೆ ಹೆಸರು ಬಂದಿರುವುದು ಪಿಸ್ತಾದಿಂದ; ನಾವು ಹೋದದ್ದು ಮೀನಿಗೆ. ಹೆಂಡತಿಯ ತಮ್ಮ ಹಡಗಿನಲ್ಲಿ ಎಂಜಿನಿಯರು, ಪಿರೇಯಸ್ಸಿನ ಸುತ್ತಮುತ್ತ ಅವನಿಗೆ ಚೆನ್ನಾಗಿ ಗೊತ್ತು. ದಂಡೆಯ ಸಾಲು ಅಂಗಡಿಗಳ ಹಿಂದೆ ಊರಿನ ಮೀನು ಮಾರುಕಟ್ಟೆ, ಅದಕ್ಕೆ ಅಂಟಿಕೊಂಡೇ ಓಣಿಯಲ್ಲಿ ಕುರ್ಚಿ ಮೇಜು ಹಾಕಿಕೊಂಡ ಸಣ್ಣ ಸಣ್ಣ ಮೀನೂಟದ ಜಾಗಗಳು. ಇಂಥವಕ್ಕೆ ಅವರ ಮಾತಿನಲ್ಲಿ ‘ಪ್ಸಾರೊತವೆರ್ನಾ’. ಪ್ಸಾರಿ ಅಂದರೆ ಮೀನು. ತವೆರ್ನಾ ಅಂದರೆ ಗುಡಿಸಲು, ಅಂಗಡಿ ಎಂಬ ಅರ್ಥದ ಲ್ಯಾಟಿನ್ ತಬೆರ್ನಾದಿಂದ ಬಂದದ್ದು. ನಾನು ಸದ್ಯಕ್ಕೆ ‘ಮೀನಿನ ಖಾನಾವಳಿ’ ಎಂದು ಬರೆದುಕೊಂಡಿದ್ದೇನೆ. ರೆಸ್ಟೋರೆಂಟ್ ಎಂದರೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಟ್ಟೆಯ ವಾಸನೆ ಬರುತ್ತದೆ. ಇಲ್ಲಿ ಮೇಜಿಗೆ ಹಾಸಿದ್ದು ಕಾಗದ, ಗಾಳಿಗೆ ಹಾರದಂತೆ ಅಂಚಿಗೆ ಕ್ಲಿಪ್ಪು. ಖಾನಾವಳಿ ಅಂದೊಡನೆ ಧಾರವಾಡದವರಿಗೆ ಜೋಳದ ರೊಟ್ಟಿ ನೆನಪಾಗುತ್ತದೆ, ಗೊತ್ತು. ಆದರೂ ಇರಲಿ.

ಮೀನನ್ನು ನಾವೇ ಒಳಗೆ ಹೋಗಿ ಐಸಿನ ಮೇಲಿಂದ ಆರಿಸಬೇಕು, ತೂಗಿ ಬೆಲೆ ಹೇಳುತ್ತಾರೆ, ಆಮೇಲೆ ಕೆಂಡಕ್ಕೆ. ಹೆಪ್ಪುಗಟ್ಟಿಸಿ ಇಟ್ಟದ್ದಾದರೆ ಪಟ್ಟಿಯಲ್ಲಿ ಅದರ ಪಕ್ಕ ನಕ್ಷತ್ರದ ಗುರುತು ಇರಬೇಕು, ಇಲ್ಲವೇ ಬಿಡಿಸಿ ಬರೆದಿರಬೇಕು. ‘ಶೈತ್ಯೀಕರಿಸಿದ’ ಎಂದು ಬರೆದಿದ್ದೆ, ಹೊಡೆದುಹಾಕಿ ‘ಐಸಿನ ಮೀನು’ ಮಾಡಿದೆ. ಕರಾವಳಿಯಲ್ಲಿ ಯಾರನ್ನು ಕೇಳಿದರೂ ಅದೇ ಮಾತು.

ನಮ್ಮ ಮೇಜಿಗೆ ಬಂದದ್ದು ಗಾವ್ರೊಸ್, ಅಂದರೆ ನಮ್ಮ ಕೊಳ್ಳತರುವಿನ ಸೋದರಸಂಬಂಧಿ, ಹಿಟ್ಟಿನಲ್ಲಿ ಹೊರಳಿಸಿ ಗರಿಗರಿ ಕರಿದದ್ದು, ಸರ್ದೆಲಾ, ಅಂದರೆ ಬೂತಾಯಿ, ಬೊಂಡಾಸ್ (ಸ್ಕ್ವಿಡ್), ಸುಟ್ಟ ಆಕ್ಟೋಪಸ್. ಮಸಾಲೆ ಎಂಬುದೇ ಇಲ್ಲ. ಆಲಿವ್ ಎಣ್ಣೆ, ನಿಂಬೆ, ಉಪ್ಪು, ಒಂದಿಷ್ಟು ಒಣ ಓರೆಗಾನೊ ಎಲೆ. ಪುಳಿಮುಂಚಿಯಲ್ಲಿ ಬೆಳೆದ ನಾಲಗೆಗೆ ಮೊದಲ ತುತ್ತು ಸಪ್ಪೆ, ಮೂರನೆಯ ತುತ್ತಿಗೆ ಮೀನಿನದೇ ರುಚಿ ಗೊತ್ತಾಗತೊಡಗಿತು. ತಟ್ಟೆಗಳೆಲ್ಲ ಸಣ್ಣವು, ಒಂದೊಂದಾಗಿ ಬರುತ್ತವೆ, ಎಲ್ಲರೂ ಎಲ್ಲದರಿಂದ ತೆಗೆದುಕೊಳ್ಳುವುದು. ನಾನು ಕಾಯುತ್ತಿದ್ದೆ. ಭಾವಮೈದುನ ನಕ್ಕ: “ಅನ್ನ ಬರ್ತದೆ ಅಂತ ಕಾಯ್ಬೇಡಿ ಭಾವ, ಇದೇ ಊಟ.”

ಈ ಸಣ್ಣ ತಟ್ಟೆಗಳಿಗೆ ಮೆಜೆ ಎಂದು ಹೆಸರು. ಗ್ರೀಕಿನಲ್ಲಿ ಒಂದಾದರೆ ಮೆಜೆಸ್, ಹಲವಾದರೆ ಮೆಜೆದೆಸ್. ನನ್ನ ತಂಟೆ ಈ ಪದದ್ದೇ.

ಪತ್ರಿಕೆಗಳಲ್ಲಿ ಇದನ್ನು ‘ಸ್ಟಾರ್ಟರ್’ ಎಂದು ಬರೆಯುವುದನ್ನು ನೋಡಿದ್ದೇನೆ. ಒಪ್ಪಲಾರೆ. ಏನನ್ನೋ ಶುರುಮಾಡುವುದಕ್ಕೆ ತಿನ್ನುವುದಾದರೆ ಆಮೇಲೆ ಇನ್ನೊಂದು ಬರಬೇಕಲ್ಲ? ಇಲ್ಲಿ ಬರುವುದಿಲ್ಲ. ‘ಉಪಾಹಾರ’ ಇಡ್ಲಿ ವಡೆಗೆ ಮುಡಿಪಾಗಿಹೋಗಿದೆ.

ಪದದ ಮೂಲ ಹುಡುಕಿದರೆ ಒಂದು ತಮಾಷೆ. ಪಾರಸಿಯಲ್ಲಿ ‘ಮಜೆ’ ಎಂದರೆ ರುಚಿ. ಅದು ಪಶ್ಚಿಮಕ್ಕೆ ನಡೆದು ತುರ್ಕಿಯಲ್ಲಿ ಕುಡಿತದ ಜೊತೆಗಿನ ತಿನಿಸಾಯಿತು, ಅಲ್ಲಿಂದ ಗ್ರೀಕಿಗೆ ಹೋಯಿತು. ಪೂರ್ವಕ್ಕೆ ಬಂದದ್ದು ಉರ್ದುವಿನಲ್ಲಿ ರುಚಿ, ಸುಖ ಎರಡೂ ಆಗಿ ನಮ್ಮಲ್ಲಿಗೆ ತಲುಪುವ ಹೊತ್ತಿಗೆ ರುಚಿ ಉದುರಿ ‘ಮಜಾ’ ಉಳಿಯಿತು. “ಮಜಾ ಮಾಡಿ ಬಂದ್ವಿ” ಎನ್ನುವಾಗ ನಾವು ಬಳಸುವುದು ಎಯಿನಾದ ಮುದುಕ ಆಕ್ಟೋಪಸ್ ತಟ್ಟೆ ತೋರಿಸಿ ಹೇಳುವ ಪದವನ್ನೇ. ಹಾಗಂತ ಮೆಜೆಗೆ ಮಜಾ ಎಂದು ಬರೆದರೆ ಓದುವವರಿಗೆ ಬೇರೆಯದೇ ಅನುಮಾನ ಬರುತ್ತದೆ.

ಇನ್ನು ನಮ್ಮವೇ ಪದಗಳು. ಹಳಗನ್ನಡದಲ್ಲಿ ‘ಚಕ್ಕಣ’ ಇದೆ, ಕುಡಿಯುವಾಗ ನಾಲಗೆಗೆ ಹಚ್ಚಿಕೊಳ್ಳುವ ತಿನಿಸು ಎಂಬ ನೇರ ಅರ್ಥದಲ್ಲೇ. ಬೆಂಗಳೂರಿನ ಬಾರುಗಳಲ್ಲಿ ಈಗ ಹುಡುಗರು ಹಿಂದಿಯಿಂದ ತಂದ ‘ಚಖ್ನಾ’ ಕೇಳುತ್ತಾರೆ. ಮನೆಯ ಅಟ್ಟದಲ್ಲೇ ಇದ್ದದ್ದನ್ನು ಪಕ್ಕದ ಮನೆಯಿಂದ ಕಡ ತಂದಂತೆ. ಆದರೆ ಚಕ್ಕಣ ಎಂದು ಬರೆದು ಸುಮ್ಮನಿರಲಾಗದು, ಅಡಿಟಿಪ್ಪಣಿ ಬೇಕಾಗುತ್ತದೆ. ಸಂಸ್ಕೃತದ ‘ಉಪದಂಶ’ವೂ ಅದೇ ಅರ್ಥದ್ದು, ಪಕ್ಕದಲ್ಲಿ ಕಚ್ಚಿಕೊಳ್ಳುವುದು. ಅಂದವಾದ ಪದ. ದುರದೃಷ್ಟಕ್ಕೆ ವೈದ್ಯರು ಅದನ್ನು ಒಂದು ಗುಹ್ಯರೋಗಕ್ಕೆ ಕೊಟ್ಟುಬಿಟ್ಟಿದ್ದಾರೆ. ‘ಬಗೆಬಗೆಯ ಉಪದಂಶಗಳು ಲಭ್ಯ’ ಎಂದು ಫಲಕ ಬರೆಸಿದ ಹೋಟೆಲಿಗೆ ಯಾರು ಕಾಲಿಟ್ಟಾರು? ‘ವ್ಯಂಜನ’ ಶಾಲೆಯ ಕಾಗುಣಿತಕ್ಕೆ ಹೋಯಿತು. ಸ್ವರದ ಆಸರೆಯಿಲ್ಲದೆ ವ್ಯಂಜನ ನಿಲ್ಲದು, ಅನ್ನದ ಆಸರೆಯಿಲ್ಲದೆ ಪಲ್ಯ ನಿಲ್ಲದು. ನಮ್ಮ ಕಡೆ ಸಾರು, ಗಸಿ, ಪಲ್ಯ ಎಲ್ಲಕ್ಕೂ ‘ಪದಾರ್ಥ’ ಅನ್ನುತ್ತೇವೆ, “ಇವತ್ತು ಎಂತ ಪದಾರ್ಥ?” ಎಂದರೆ ಮಂಗಳೂರಿನಲ್ಲಿ ಯಾರೂ ತರ್ಕಶಾಸ್ತ್ರಕ್ಕೆ ಇಳಿಯುವುದಿಲ್ಲ. ಘಟ್ಟ ಹತ್ತಿದರೆ ಇದೂ ಕೆಲಸಕ್ಕೆ ಬಾರದು.

ಉಳಿದದ್ದು ‘ನಂಚು’. “ನಂಚ್ಕೊಳ್ಳೋಕೆ ಏನಿದೆ?” ಇದಕ್ಕಿಂತ ಹತ್ತಿರದ ಮಾತು ನನಗೆ ಕಾಣದು. ನಂಚಿಕೊಳ್ಳುವುದು ಹೊಟ್ಟೆ ತುಂಬಿಸಲಿಕ್ಕಲ್ಲ. ಸ್ವಲ್ಪ ಸ್ವಲ್ಪ, ಬೆರಳ ತುದಿಯಲ್ಲಿ, ಇನ್ನೊಂದರ ಜೊತೆಗೆ. ಕೆಲವರು ‘ನಂಜಿಕೊ’ ಎನ್ನುತ್ತಾರೆ, ಕೆಲವರು ‘ನೆಂಚಿಕೊ’. ಬರೆಯುವಾಗ ನಾನು ಚಕಾರವನ್ನೇ ಹಿಡಿದಿದ್ದೇನೆ, ಮೀನಿನ ವಿಷಯದಲ್ಲಿ ‘ನಂಜು’ ಕಣ್ಣಿಗೆ ಬೀಳದಿರುವುದೇ ವಾಸಿ.

ಆದರೆ ನಂಚಿಕೊಳ್ಳಲು ಮುಖ್ಯವಾದದ್ದೊಂದು ಬೇಕಲ್ಲ? ಇಲ್ಲಿ ಯಾವುದು ಮುಖ್ಯ?

ನಮ್ಮ ಪಕ್ಕದ ಮೇಜಿನಲ್ಲಿ ಒಬ್ಬ ಮುದುಕ ಕೂತಿದ್ದ. ಎದುರಿಗೆ ಸಣ್ಣ ಹೂಜಿಯಲ್ಲಿ ಊಜೋ ಎಂಬ ಅಲ್ಲಿಯ ಮದ್ಯ, ಇನ್ನೊಂದರಲ್ಲಿ ನೀರು, ತಟ್ಟೆಯಲ್ಲಿ ಸುಟ್ಟ ಆಕ್ಟೋಪಸ್ಸಿನ ಒಂದೇ ಒಂದು ಕಾಲು, ಅಂಚು ಕರಕಲಾಗಿ ತುದಿ ಸುರುಳಿ ಸುತ್ತಿಕೊಂಡದ್ದು. ನೀರು ಹೊಯ್ದೊಡನೆ ಊಜೋ ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಯಿತು. ಸೋಂಪಿನಂಥ ಕಾಳಿನ ಎಣ್ಣೆ ಮದ್ಯದಲ್ಲಿ ಕರಗಿರುತ್ತದೆ, ನೀರು ಸೇರಿದರೆ ಹೊರಬೀಳುತ್ತದೆ. ಆತ ಆ ಕಾಲನ್ನು ನಾಲ್ಕಾಣೆ ಪಾವಲಿಯಷ್ಟಷ್ಟು ಬಿಲ್ಲೆ ಮಾಡಿಕೊಂಡು, ಒಂದು ಬಿಲ್ಲೆ, ಒಂದು ಗುಟುಕು, ಆಮೇಲೆ ಓಣಿಯಲ್ಲಿ ಹೋಗುವವರನ್ನು ನೋಡುವುದು. ನಾವು ಎರಡು ಕಿಲೋ ಮೀನು ಮುಗಿಸಿದರೂ ಅವನ ತಟ್ಟೆಯಲ್ಲಿ ಮೂರು ಬಿಲ್ಲೆ ಬಾಕಿ ಇದ್ದವು. ತಿನ್ನದೆ ಕುಡಿಯುವುದಕ್ಕೆ ಅವರಲ್ಲಿ ‘ಕ್ಸೆರೊಸ್ಫಿರಿ’ ಎಂಬ ಮಾತೇ ಇದೆ, ಬಿಡಿಸಿದರೆ ‘ಒಣ ಸುತ್ತಿಗೆ’. ಹೊಗಳಿಕೆಯಲ್ಲ. ಹಾಗಿದ್ದ ಮೇಲೆ ಆಕ್ಟೋಪಸ್ಸು ಊಜೋಗೆ ನಂಚಿಕೆಯೋ, ಊಜೋವೇ ಆಕ್ಟೋಪಸ್ಸಿಗೆ ನಂಚಿಕೆಯೋ?

ಈ ಗೊಂದಲ ನನ್ನೊಬ್ಬನದಲ್ಲ, ಗ್ರೀಕರಲ್ಲೇ 2,400 ವರ್ಷ ಹಳೆಯದು ಎಂದು ಆಮೇಲೆ ತಿಳಿಯಿತು. ಹಳೆಯ ಗ್ರೀಕಿನಲ್ಲಿ ಊಟ ಎರಡು ಪಾಲು: ಹೊಟ್ಟೆಗೆ ಆಧಾರವಾದ ರೊಟ್ಟಿ, ಗಂಜಿ ‘ಸೀತೊಸ್’; ಅದಕ್ಕೆ ನಂಚಿಕೊಳ್ಳುವುದೆಲ್ಲ ‘ಓಪ್ಸೊನ್’. ಒಂದು ಊಟದಲ್ಲಿ ಹುಡುಗನೊಬ್ಬ ರೊಟ್ಟಿ ಬಿಟ್ಟು ಬರೀ ಓಪ್ಸೊನ್ ತಿನ್ನುತ್ತಿದ್ದುದನ್ನು ಸಾಕ್ರೆಟಿಸ್ ಕಂಡು ಮಾತು ತೆಗೆದನಂತೆ. ಹುಡುಗ ನಾಚಿ ರೊಟ್ಟಿ ಎತ್ತಿಕೊಂಡ. ಅಲ್ಲಿಗೂ ಬಿಡದೆ ಸಾಕ್ರೆಟಿಸ್, ‘ಪಕ್ಕದವರು ನೋಡ್ತಾ ಇರಿ, ರೊಟ್ಟಿಗೆ ಇದನ್ನು ನಂಚ್ಕೊಳ್ತಾನೋ, ಇದಕ್ಕೆ ರೊಟ್ಟಿ ನಂಚ್ಕೊಳ್ತಾನೋ’ ಎನ್ನುವ ಧಾಟಿಯಲ್ಲಿ ಚುಚ್ಚಿದ ಎಂದು ಶಿಷ್ಯ ಕ್ಸೆನೊಫೋನ್ ಬರೆದಿಟ್ಟಿದ್ದಾನೆ. ನನ್ನ ಅಜ್ಜಿಯದೂ ಇದೇ ಗದರಿಕೆ. “ಬರೀ ಮೀನು ತಿನ್ಬೇಡ, ಅನ್ನಕ್ಕೆ ನಂಚ್ಕೊಂಡು ತಿನ್ನು.”

ಇನ್ನೂ ಸೊಗಸು ಮುಂದಿದೆ. ಓಪ್ಸೊನ್‌ನ ಪುಟ್ಟ ರೂಪ ‘ಒಪ್ಸಾರಿಯೊನ್’. ನಂಚಿಕೆಗಳಲ್ಲೆಲ್ಲ ಮೀನೇ ಮೇಲೆನಿಸಿದ್ದರಿಂದ ಕ್ರಮೇಣ ಆ ಪದ ಮೀನಿಗೇ ನಿಂತಿತು. ತಲೆ ಬಾಲ ಸವೆದು ಇಂದಿನ ‘ಪ್ಸಾರಿ’ ಆಯಿತು. ಇಕ್ಥಿಸ್ ಎಂಬ ಹಳೆಯ ಪದ ಮೂಲೆಗೆ ಸರಿಯಿತು. ಎಂದರೆ ಪ್ಸಾರೊತವೆರ್ನಾವನ್ನು ಬೇರಿನ ಲೆಕ್ಕದಲ್ಲಿ ಕನ್ನಡಿಸಿದರೆ ‘ನಂಚಿಕೆ ಅಂಗಡಿ’! ಇದು ಗೊತ್ತಾದ ಮೇಲೆ ಮೆಜೆಗೆ ‘ನಂಚಿಕೆ’ ಎನ್ನುವ ನನ್ನ ಹಟ ಹೆಚ್ಚಾಗಿದೆ.

ಪಕ್ಕದ ಒಂದೆರಡು ಪದಗಳ ಮಾತು ಮುಗಿಸಿಬಿಡುತ್ತೇನೆ. ಆಕ್ಟೋಪಸ್ಸಿಗೆ ನಿಘಂಟಿನಲ್ಲಿ ‘ಅಷ್ಟಪದಿ’ ಸಿಗುತ್ತದೆ. ಅದರಲ್ಲಿ ತಪ್ಪೇನಿಲ್ಲ. ಗ್ರೀಕಿನ ಒಕ್ತೊ ನಮ್ಮ ಅಷ್ಟದ ದಾಯಾದಿ, ಅವರ ಪೊದ್ ಸಂಸ್ಕೃತದ ಪದ್‌ನ ದಾಯಾದಿ. ಆದರೆ ‘ಕೆಂಡದಲ್ಲಿ ಸುಟ್ಟ ಅಷ್ಟಪದಿ’ ಎಂದರೆ ಜಯದೇವ ಕವಿಗೆ ಆದ ಗತಿ ನೆನೆದು ಸಂಕಟವಾಗುತ್ತದೆ. ಆಕ್ಟೋಪಸ್ ಎಂದೇ ಇಟ್ಟಿದ್ದೇನೆ. ರೊಟ್ಟಿ, ಮೇಜಿನ ಕಾಗದ, ಚಮಚಗಳ ಲೆಕ್ಕಕ್ಕೆ ಬಿಲ್ಲಿನಲ್ಲಿ ತಲೆಗಿಷ್ಟು ಎಂದು ಸೇರಿಸುವ ‘ಕುವೆರ್’ಗೆ ‘ಎಲೆಕಾಸು’ ಎಂದು ಬರೆದೆ, ಎಲೆ ಹಾಕಿದ್ದಕ್ಕೆ ಕಾಸು. ಯಾರಿಗಾದರೂ ಆಕ್ಷೇಪಣೆ ಇದ್ದರೆ ತಿಳಿಸಿ.

ಊಟ ಮುಗಿದ ಮೇಲೆ ಕೇಳದೆಯೇ ಒಂದು ತಟ್ಟೆ ಕಲ್ಲಂಗಡಿ ಹೋಳು ತಂದಿಟ್ಟರು. ಬಿಲ್ಲಿನಲ್ಲಿ ಅದಿಲ್ಲ. ಅದು ‘ಕೆರಾಸ್ಮಾ’. ಮೊದಲು ‘ಕೊಸರು’ ಎಂದು ಬರೆದು ಬೀಗಿದ್ದೆ. ಆಮೇಲೆ ಹೊಳೆಯಿತು: ಕೊಸರನ್ನು ನಾವು ಕೇಳಿ, ಜಗಳವಾಡಿ ಪಡೆಯುತ್ತೇವೆ, ಕೇಳಿದರೆ ಅದು ಕೆರಾಸ್ಮಾ ಅಲ್ಲ. ಈಗ ‘ಉಪಚಾರಕ್ಕೆ ಕೊಟ್ಟದ್ದು’ ಎಂದು ಉದ್ದಕ್ಕೆ ಬರೆದಿದ್ದೇನೆ, ಮನಸ್ಸಿಗೆ ಒಗ್ಗಿಲ್ಲ.

ಈಗ ಪ್ರಶ್ನೆಗೆ ಬರುತ್ತೇನೆ. ‘ನಂಚಿಕೊಳ್ಳು’ ಎಂಬ ಕ್ರಿಯಾಪದ ಎಲ್ಲರ ಬಾಯಲ್ಲೂ ಇದೆ. ‘ನಂಚಿಕೆ’ ಎಂಬ ನಾಮಪದ ನಿಮ್ಮ ಮನೆಯ ಮಾತಿನಲ್ಲಿ ಇದೆಯೇ, ಅಥವಾ ಓದಿದರೆ ಕಟ್ಟಿದ ಪದ ಅನ್ನಿಸುತ್ತದೆಯೇ? ಉತ್ತರ ಕರ್ನಾಟಕದವರು ರೊಟ್ಟಿಗೆ ‘ಹಚ್ಚಿಕೊಂಡು’ ತಿನ್ನುತ್ತೀರಿ. ಹಾಗೆ ಹಚ್ಚಿಕೊಳ್ಳುವುದಕ್ಕೆ ಒಟ್ಟಾಗಿ ಒಂದು ಹೆಸರು ಉಂಟೇ? ಇನ್ನೊಂದು, ಕುಡಿಯುವಂಥದ್ದನ್ನು ‘ನಂಚಿಕೊಳ್ಳುವುದು’ ಸರಿಯಾದ ಬಳಕೆಯೇ? ಮೊಸರು ನಂಚಿಕೊಳ್ಳುತ್ತೇವೆ, ಸರಿ. ಚಹಾಕ್ಕೆ ಬಿಸ್ಕತ್ತು ಅದ್ದಿಕೊಳ್ಳುತ್ತೇವೆ, ಬಿಸ್ಕತ್ತಿಗೆ ಚಹಾ ನಂಚಿಕೊಳ್ಳುತ್ತೇವೆ ಎಂದು ಯಾರೂ ಅಂದದ್ದು ಕೇಳಿಲ್ಲ.

ನನ್ನ ವಾಕ್ಯ ಸದ್ಯಕ್ಕೆ ಹೀಗಿದೆ: ‘ಮುದುಕ ಒಂದೂವರೆ ಗಂಟೆ ಆಕ್ಟೋಪಸ್ಸಿಗೆ ಊಜೋ ನಂಚಿಕೊಂಡು ಕೂತಿದ್ದ.’ ತಿರುಗಿಸಿ ಬರೆಯಲೇ, ಹೀಗೇ ಬಿಡಲೇ? ಬರಹ ಕಳಿಸಲು ಶುಕ್ರವಾರದವರೆಗೆ ಸಮಯ ಇದೆ.