ಹಕ್ಕಿ ಡಾಕ್ಟರನ್ನು ಕೇಳಿ: ನಿದ್ದೆ, ಬೆಳಕು

ಅಡ್ಮಿನ್: ಸಾಕು ಹಕ್ಕಿಗಳ ನಿದ್ದೆ, ಬೆಳಕಿನ ಬಗ್ಗೆ ಡಾಕ್ಟರ್ ಈಗ ಉತ್ತರಿಸುತ್ತಾರೆ. ಫಾರ್ವರ್ಡ್ ಬೇಡ.

ಕೌಲ್ ಬಜಾರ್, ಬಳ್ಳಾರಿ: ನಮಸ್ಕಾರ ಸರ್. ಬಡ್ಜಿ ಗಿಳಿಗಳಿಗೆ ಎಷ್ಟು ತಾಸು ನಿದ್ದೆ ಬೇಕು?

ಡಾಕ್ಟರ್: ನಮಸ್ಕಾರ. 10ರಿಂದ 12 ತಾಸು. ಕತ್ತಲಿರಬೇಕು, ಗದ್ದಲ ಇರಬಾರದು. ದಿನಾ ಒಂದೇ ಹೊತ್ತಿಗೆ ಮಲಗಿಸಿ.

ಸಿರುಗುಪ್ಪ: ಕಿಟಕಿ ಗಾಜಿನ ಒಳಗೆ ಬೀಳೋ ಬಿಸಿಲು ಸಾಕಾ ಸರ್?

ಡಾಕ್ಟರ್: ಸಾಲದು. ಡಿ ವಿಟಮಿನ್‌ಗೆ ಬೇಕಾದ ಯುವಿ-ಬಿ ಕಿರಣವನ್ನು ಗಾಜು ತಡೆಯುತ್ತದೆ. ಬೆಳಿಗ್ಗೆ ಎಳೆ ಬಿಸಿಲಿಗಿಡಿ, ಅರ್ಧ ಪಂಜರಕ್ಕೆ ನೆರಳಿರಲಿ. ನಮ್ಮ ಕಡೆಯ ಮೇ ತಿಂಗಳಲ್ಲಿ ಇಟ್ಟು ಮರೆತರೆ ಹಕ್ಕಿ ಉಳಿಯಲ್ಲ.

ರಾಯಚೂರು: ಡಾಕ್ಟ್ರೇ, ನಮ್ಮ ಕಾಕಟಿಯಲ್ (ಜುಟ್ಟಿನ ಗಿಳಿ) ಗಂಡಿಲ್ಲದೇ ಮೊಟ್ಟೆ ಇಡುತ್ತಲೇ ಇದೆ. ತೆಗೆದಷ್ಟೂ ಇಡುತ್ತದೆ. ಪಂಜರ ಹಾಲ್‌ನಲ್ಲಿದೆ, ಹನ್ನೊಂದೂವರೆ ತನಕ ಟಿವಿ, ಟ್ಯೂಬ್‌ಲೈಟ್. ಬೆಳಿಗ್ಗೆಯಿಂದ ಕೋಲು ಹತ್ತಿಲ್ಲ. ತಳದಲ್ಲಿ ಪುಕ್ಕ ಉಬ್ಬಿಸಿ ಕೂತಿದೆ, ಉಸಿರಾಡಿದಾಗೆಲ್ಲ ಬಾಲ ಮೇಲೆ ಕೆಳಗೆ ಆಡುತ್ತಿದೆ. ನಿದ್ದೆ ಕಮ್ಮಿಯಾಗಿದೆಯಾ?

ಡಾಕ್ಟರ್: ಅಕ್ಕಾ, ಇದು ನಿದ್ದೆಯಲ್ಲ. ಮೊಟ್ಟೆ ಒಳಗೆ ಸಿಕ್ಕಿಕೊಂಡಿರುವ ಹಾಗಿದೆ. ನಾಳೆ ನೋಡೋಣ ಅನ್ನಬೇಡಿ, ಈಗಲೇ ಹತ್ತಿರದ ಪಶುವೈದ್ಯರ ಹತ್ತಿರ ಒಯ್ಯಿರಿ. ಸಣ್ಣ ಡಬ್ಬದಲ್ಲಿ ಮೆತ್ತನೆ ಬಟ್ಟೆ ಹಾಸಿ ಕೂರಿಸಿ, ಗಾಳಿಗೆ ತೂತಿರಲಿ. ಒಂದು ಬದಿಗೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಇಡಿ. ಬಾಯಿ ತೆರೆದು ಏದುಸಿರು ಬಿಟ್ಟರೆ ಬಿಸಿ ಜಾಸ್ತಿಯಾಯ್ತು ಅಂತ, ಬಾಟಲಿ ತೆಗೆಯಿರಿ.

ಕಾರಣ ನಿಮ್ಮ ಹಾಲ್‌ನಲ್ಲೇ ಇರಬಹುದು. ಹಗಲು ಉದ್ದವಾದರೆ ಹಕ್ಕಿಯ ಮೈ ಮರಿ ಮಾಡುವ ಕಾಲ ಬಂತು ಅಂದುಕೊಳ್ಳುತ್ತದೆ. ಅದಕ್ಕೆ ಟ್ಯೂಬ್‌ಲೈಟೂ ಹಗಲೇ. ಮೊಟ್ಟೆ ಮೇಲೆ ಮೊಟ್ಟೆ ಇಟ್ಟು ಮೈಯ ಕ್ಯಾಲ್ಸಿಯಂ ಖಾಲಿಯಾದರೆ, ಮೊಟ್ಟೆ ತಳ್ಳೋಕೆ ಶಕ್ತಿಯೇ ಇರಲ್ಲ. ಹಕ್ಕಿ ಉಳಿದು ಮನೆಗೆ ಬಂದ ಮೇಲೆ ಸಂಜೆ ಆರಕ್ಕೇ ಕತ್ತಲ ಕೋಣೆಗೆ ಹಾಕಿ. ಕನ್ನಡಿ, ಗೂಡಿನ ಡಬ್ಬ ತೆಗೆಯಿರಿ. ಬೆನ್ನು ಸವರಬೇಡಿ. ಇಟ್ಟ ಮೊಟ್ಟೆ ಮೂರು ವಾರ ಅಲ್ಲೇ ಇರಲಿ. ತೆಗೆದರೆ ಲೆಕ್ಕ ತುಂಬಿಸೋಕೆ ಮತ್ತೆ ಇಡುತ್ತದೆ.

ಗಂಗಾವತಿ: ಫಾರ್ವರ್ಡ್ ಬಂದಿದೆ ನೋಡಿ. ಬಾಯಿಗೆ ಎರಡು ಹನಿ ಹರಳೆಣ್ಣೆ, ಕರ್ಪೂರದ ಹೊಗೆ, ಹೊಟ್ಟೆ ಮೆಲ್ಲಗೆ ಒತ್ತಬೇಕು. 100% ಗ್ಯಾರಂಟಿ.

ಡಾಕ್ಟರ್: ಅಳಿಸಿ. ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು. ಒತ್ತಿದರೆ ಮೊಟ್ಟೆ ಒಳಗೇ ಒಡೆಯಬಹುದು. ಹೊಗೆ ಹಕ್ಕಿಗೆ ವಿಷ. ಗ್ಯಾರಂಟಿ ಯಾರು ಕೊಟ್ಟರು?

ಗಂಗಾವತಿ: ಸುಮ್ನೆ ಹಾಕಿದೆ ಸರ್.

ಕೊಪ್ಪಳ: ನಮ್ಮ ಹಸಿರು ಗಿಳಿ ರಾತ್ರಿಯೆಲ್ಲ ಕಿರುಚುತ್ತದೆ.

ಕೌಲ್ ಬಜಾರ್, ಬಳ್ಳಾರಿ: ನಮ್ಮ ದೇಶದ ಗಿಳಿ ಸಾಕುವುದೇ ಅಪರಾಧ ಅಣ್ಣಾ. 1972ರ ವನ್ಯಜೀವಿ ಕಾಯ್ದೆ.

ಕೊಪ್ಪಳ: ನಮ್ಮಜ್ಜನ ಕಾಲದಿಂದ ಸಾಕಿದ್ದೇವೆ.

ಕೌಲ್ ಬಜಾರ್, ಬಳ್ಳಾರಿ: ನಿಮ್ಮಜ್ಜ ಹೆಲ್ಮೆಟ್ಟೂ ಹಾಕುತ್ತಿರಲಿಲ್ಲ.

ಕೊಪ್ಪಳ: ಅಜ್ಜನ ವಿಷಯಕ್ಕೆ ಬರಬೇಡ.

ಮಾನ್ವಿ: ಫಿಂಚ್ ಜೋಡಿಗೆ ರೇಟ್ ಎಷ್ಟು?

ಡಾಕ್ಟರ್: ಕೊಪ್ಪಳದವರೇ, ಕಾಯ್ದೆ ನಿಜ. ಅರಣ್ಯ ಇಲಾಖೆಗೆ ಒಪ್ಪಿಸಿ. ನೀವೇ ಹೊರಗೆ ಬಿಟ್ಟರೆ ಅದಕ್ಕೆ ಬದುಕೋಕೆ ಗೊತ್ತಾಗಲ್ಲ. ಜಗಳ ಬೇರೆ ಕಡೆ ಮಾಡಿಕೊಳ್ಳಿ.

ಸಿಂಧನೂರು: ಸರ್, ಎಷ್ಟು ತಾಸು ನಿದ್ದೆ ಬೇಕು?

ಡಾಕ್ಟರ್: ಮೇಲೆ ಓದಿ.

ಸಿರುಗುಪ್ಪ: ಕರೆಂಟ್ ಹೋದರೆ ನಮ್ಮ ಕಾಕಟಿಯಲ್ ಬೆಚ್ಚಿ ಪಂಜರಕ್ಕೆ ಬಡಿದುಕೊಳ್ಳುತ್ತದೆ.

ಡಾಕ್ಟರ್: ಆ ಜಾತಿಯೇ ಹಾಗೆ. ಬ್ಯಾಟರಿಯ ಮಂದ ದೀಪ ಇಡಿ.

ಲಿಂಗಸುಗೂರು: ಎಷ್ಟು ತಾಸು ಸರ್ ನಿದ್ದೆ?

ಡಾಕ್ಟರ್: ರಾಯಚೂರಿನ ಅಕ್ಕಾ, ಹೊರಟಿರಾ?

ರಾಯಚೂರು: ಆಟೋದಲ್ಲಿದ್ದೇವೆ.

ಡಾಕ್ಟರ್: ಗಾಳಿ ನೇರ ತಾಗದಂತೆ ಹಿಡಿಯಿರಿ. ಕೊನೆಯ ಮೊಟ್ಟೆ ಯಾವತ್ತು ಇಟ್ಟಿತು ಅಂತ ಅವರಿಗೆ ಹೇಳಿ.